ಬೆಳಿಗ್ಗೆ ಎದ್ದಾಗ ಬೆನ್ನು ಹಾಗೂ ಮೈಕೈ ನೋವು: ಕಾರಣಗಳು ಮತ್ತು ದುಡಿಯುವವರು ತಿಳಿದಿರಬೇಕಾದ ವಿಷಯಗಳು

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ಮತ್ತು ವೈಟ್‌ಫೀಲ್ಡ್ ಭಾಗಗಳಲ್ಲಿ ದುಡಿಯುವವರು ಅನಾರೋಗ್ಯದ ಕಾರಣ ನೀಡಿ ಸಲ್ಲಿಸುವ ಅರ್ಜಿಗಳಲ್ಲಿ ಒಂದು ವಾಕ್ಯ ಪದೇ ಪದೇ ಕಂಡುಬರುತ್ತದೆ: “ಬೆಳಿಗ್ಗೆ ಏಳಲು ಆಗಲಿಲ್ಲ, ಸೊಂಟ ಹಿಡಿದುಕೊಂಡಿತ್ತು.” ಅರ್ಜಿದಾರರು ಇದನ್ನು ಸತ್ಯವಾಗಿಯೇ ಬರೆದಿರುತ್ತಾರೆ. ಆದರೆ ನೋವು ಬೆಳಿಗ್ಗೆ ತಿಳಿಯಿತೆಂದ ಮಾತ್ರಕ್ಕೆ ಅದು ಮನೆಯಲ್ಲಿಯೇ ಹುಟ್ಟಿತೆಂದು ಅರ್ಥವಲ್ಲ. ಹಿಂದಿನ ದಿನ ಕಾರ್ಖಾನೆಯಲ್ಲಿ ಎತ್ತಿದ ಭಾರ, ಎಂಟು ಗಂಟೆ ನಿಂತ ನಿಲುವು, ಕೆಟ್ಟ ಕುರ್ಚಿ, ಸಾಲದ ನಿದ್ರೆ ಇವುಗಳ ಲೆಕ್ಕ ಬಹುಪಾಲು ಮರುದಿನ ಬೆಳಿಗ್ಗೆಯೇ ಕೈಗೆ ಬರುತ್ತದೆ. ನೋವು ಎಲ್ಲಿ ಹುಟ್ಟಿತು ಎಂಬುದರ ಮೇಲೆ ಚಿಕಿತ್ಸೆ ಮಾತ್ರವಲ್ಲದೆ ದೊರೆಯಬಹುದಾದ ಸೌಲಭ್ಯದ ಮೊತ್ತವೂ ಅವಲಂಬಿಸಿರುವುದರಿಂದ ಈ ಕೆಳಗಿನ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ನೀಡಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.

ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರಿಗೆ “ಬೆಳಗಿನ ನೋವು” ಮಧ್ಯಾಹ್ನ ಮೂರು ಗಂಟೆಗೆ ಬರುವುದುಂಟು. ಈ ಲೇಖನದಲ್ಲಿ ಬೆಳಿಗ್ಗೆ ಎಂದರೆ ನಿದ್ರೆಯಿಂದ ಏಳುವ ಹೊತ್ತು ಎಂದು ತಿಳಿಯತಕ್ಕದ್ದು.

ಮಲಗಿದಾಗ ಬೆನ್ನಿನಲ್ಲಿ ನಡೆಯುವುದೇನು?

ಬೆನ್ನುಮೂಳೆಯ ಬಿಡಿ ಮೂಳೆಗಳ ನಡುವೆ ಡಿಸ್ಕ್ ಎಂದು ಕರೆಯಲಾಗುವ ಮೆತ್ತನೆಯ ಬಿಲ್ಲೆಗಳಿವೆ. ವಯಸ್ಕರಲ್ಲಿ ಇವುಗಳಿಗೆ ನೇರವಾದ ರಕ್ತನಾಳಗಳ ಪೂರೈಕೆ ಇಲ್ಲವೆಂದೇ ಹೇಳಬಹುದು. ಒತ್ತಡ ಬಿದ್ದಾಗ ನೀರನ್ನು ಹೊರಬಿಟ್ಟು, ಒತ್ತಡ ತಗ್ಗಿದಾಗ ಹೀರಿಕೊಂಡು ಅವು ಬದುಕುತ್ತವೆ. ಹಗಲಿನಲ್ಲಿ ದೇಹದ ಭಾರದಿಂದ ಹಿಂಡಿಹೋದ ಬಿಲ್ಲೆಗಳು ರಾತ್ರಿ ಮಲಗಿದಾಗ ಮತ್ತೆ ನೀರು ತುಂಬಿಕೊಂಡು ಉಬ್ಬುತ್ತವೆ. ಈ ಕಾರಣದಿಂದಲೇ ಮನುಷ್ಯನು ಸಂಜೆಗಿಂತ ಬೆಳಿಗ್ಗೆ ಸುಮಾರು 1ರಿಂದ 2 ಸೆಂಟಿಮೀಟರ್ ಎತ್ತರವಾಗಿರುತ್ತಾನೆ. ಹೀಗೆ ಗಳಿಸಿದ ಎತ್ತರದ ದೊಡ್ಡ ಪಾಲು ಎದ್ದ ಮೊದಲ ಗಂಟೆಯಲ್ಲಿಯೇ ಕಳೆದುಹೋಗುತ್ತದೆ.

ನೀರು ತುಂಬಿದ ಬಿಲ್ಲೆ ಬಿಗಿಯಾಗಿರುತ್ತದೆ. ಆ ಹೊತ್ತಿನಲ್ಲಿ ಸೊಂಟ ಬಗ್ಗಿಸಿದರೆ ಬಿಲ್ಲೆಯ ಹಿಂಭಾಗದ ಮೇಲೆ ಮತ್ತು ಸುತ್ತಲಿನ ತಂತುಗಳ ಮೇಲೆ ಬೀಳುವ ಎಳೆತ ದಿನದ ಉಳಿದ ಹೊತ್ತಿಗಿಂತ ಹೆಚ್ಚು. ದೀರ್ಘಕಾಲದ ಬೆನ್ನುನೋವು ಇದ್ದವರು ಮುಂಜಾನೆಯ ಹೊತ್ತಿನಲ್ಲಿ ಮುಂದಕ್ಕೆ ಬಗ್ಗುವುದನ್ನು ನಿಯಂತ್ರಿಸಿದರೆ ನೋವಿನ ದಿನಗಳು ಕಡಿಮೆಯಾಗುತ್ತವೆಂದು 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಈ ಮಾಹಿತಿಯನ್ನು ನಮ್ಮ ಮನೆಗಳ ದಿನಚರಿಯೊಂದಿಗೆ ಹೋಲಿಸಿ ನೋಡಬೇಕು. ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ ಅಥವಾ ಹೆಬ್ಬಗೋಡಿಯ ಬಾಡಿಗೆ ಮನೆಯಲ್ಲಿರುವ ಸಿದ್ಧ ಉಡುಪು ಕಾರ್ಖಾನೆಯ ಮಹಿಳೆಯು ಐದು ಗಂಟೆಯ ಮೊದಲೇ ಏಳುತ್ತಾಳೆ. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಬಿಂದಿಗೆಗಳನ್ನು ತುಂಬಿ ಎತ್ತಬೇಕು. ನೆಲ ಗುಡಿಸಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಡಿಸಿ, ಪಾತ್ರೆ ಬೆಳಗಿ, ತಿಂಡಿ ಮತ್ತು ಡಬ್ಬಿ ಸಿದ್ಧಪಡಿಸಿ ಎಂಟು ಗಂಟೆಗೆ ವಾಹನ ಹಿಡಿಯಬೇಕು. ಬೆನ್ನು ಬಗ್ಗಲು ಅತ್ಯಂತ ಅನನುಕೂಲವಾದ ಹೊತ್ತಿನಲ್ಲಿಯೇ ದಿನದ ಬಗ್ಗುವ ಕೆಲಸಗಳೆಲ್ಲ ಮುಗಿದಿರುತ್ತವೆ. ಆ ಬಳಿಕ ಆಕೆಯು ಬೆನ್ನೊರಗು ಇಲ್ಲದ ಸ್ಟೂಲಿನ ಮೇಲೆ ಕುಳಿತು ಎಂಟು ಗಂಟೆ ಹೊಲಿಯುತ್ತಾಳೆ. “ಮನೆಗೆಲಸದಿಂದ ಬಂದ ನೋವು” ಎಂದು ಇದನ್ನು ಸುಲಭವಾಗಿ ಬದಿಗಿಡಲಾಗುತ್ತದೆ. ವಾಸ್ತವದಲ್ಲಿ ಇದು ಎರಡು ಪಾಳಿಗಳ ನೋವು.

ನೀರು ಬರುವ ಹೊತ್ತನ್ನು ಬದಲಿಸುವುದು ಯಾರ ಕೈಯಲ್ಲೂ ಇಲ್ಲ. ಆದರೆ ದೊಡ್ಡ ಬಿಂದಿಗೆಯ ಬದಲು ಎರಡು ಸಣ್ಣ ಕೊಡಗಳನ್ನು ಬಳಸುವುದು, ಉದ್ದ ಹಿಡಿಯ ಪೊರಕೆಯನ್ನು ಇಟ್ಟುಕೊಳ್ಳುವುದು, ಗುಡಿಸುವ ಕೆಲಸವನ್ನು ಒಲೆಯ ಕೆಲಸದ ನಂತರಕ್ಕೆ ಹಾಕುವುದು, ಮನೆಯ ಇತರರು ಬಿಂದಿಗೆ ಎತ್ತುವುದು ಸಾಧ್ಯವಿದೆ. ಹಾಸಿಗೆಯಿಂದ ಏಳುವಾಗ ನೇರವಾಗಿ ಎದ್ದು ಕೂರದೆ, ಮಗ್ಗುಲಾಗಿ ಕೈಯೂರಿ, ಕಾಲನ್ನು ಕೆಳಗಿಳಿಸಿ ಏಳುವುದು ಒಳ್ಳೆಯದು. ಬಲಮಗ್ಗುಲಲ್ಲಿ ಏಳಬೇಕೆಂದು ಹಿರಿಯರು ಹೇಳುವ ರೂಢಿಯಿದೆ. ಬೆನ್ನಿನ ಮಟ್ಟಿಗೆ ಎಡವಾದರೂ ಅಡ್ಡಿಯಿಲ್ಲ, ಮಗ್ಗುಲು ಮಾತ್ರ ಮುಖ್ಯ.

ಕೆಲಸದ ಸ್ಥಳದಿಂದ ಬರುವ ಕಾರಣಗಳು

1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಯಂತ್ರೋಪಕರಣ ಘಟಕಗಳೇ ಹೆಚ್ಚು. ಇಂತಹ ಘಟಕಗಳಲ್ಲಿ ಕ್ರೇನ್ ಅಥವಾ ಟ್ರಾಲಿ ಮಾಡಬೇಕಾದ ಕೆಲಸವನ್ನು ಹೆಲ್ಪರ್ ಎಂಬ ಹುದ್ದೆಯವರು ತಮ್ಮ ಸೊಂಟದಿಂದ ಮಾಡುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರ ಶಿಫಾರಸಿನಲ್ಲಿ ವಯಸ್ಕ ಪುರುಷನು ಹೊರಬಹುದಾದ ಭಾರದ ಮಿತಿಯಾಗಿ 55 ಕೆ.ಜಿ.ಯನ್ನು ಸೂಚಿಸಿತ್ತು. ನಮ್ಮಲ್ಲಿ ಒಂದು ಸಿಮೆಂಟ್ ಚೀಲದ ತೂಕ 50 ಕೆ.ಜಿ. ಆದರೆ ತೂಕವೊಂದೇ ಸರಿಯಾದ ಅಳತೆಯಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಶ್‌ನ ಲೆಕ್ಕಾಚಾರವು, ಎಲ್ಲ ಅನುಕೂಲಗಳೂ ಇರುವ ಸ್ಥಿತಿಯಲ್ಲಿಯೇ 23 ಕೆ.ಜಿ.ಯಿಂದ ಆರಂಭವಾಗುತ್ತದೆ. ವಸ್ತುವು ಮೈಯಿಂದ ದೂರವಿದ್ದರೆ, ನೆಲದಿಂದ ಎತ್ತಬೇಕಾದರೆ, ಎತ್ತಿ ತಿರುಗಬೇಕಾದರೆ, ಗಂಟೆಗೆ ಹಲವು ಬಾರಿ ಎತ್ತಬೇಕಾದರೆ ಆ ಮಿತಿ ಇಳಿಯುತ್ತಾ ಹೋಗುತ್ತದೆ. ಹದಿನೈದು ಕೆ.ಜಿ.ಯ ಬಿಡಿಭಾಗವನ್ನು ತಿರುಚಿದ ಸೊಂಟದಿಂದ ದಿನಕ್ಕೆ ಇನ್ನೂರು ಬಾರಿ ಲೇತ್ ಯಂತ್ರಕ್ಕೆ ಏರಿಸುವವನ ಬೆನ್ನು, ಒಮ್ಮೆ ಚೀಲ ಹೊತ್ತವನ ಬೆನ್ನಿಗಿಂತ ಹೆಚ್ಚು ಸವೆಯಬಹುದು.

ರೂಢಿಯಿಲ್ಲದ ಕೆಲಸವನ್ನು ಮಾಡಿದಾಗ ಸ್ನಾಯುಗಳ ನೋವು ತಕ್ಷಣ ಬರುವುದಿಲ್ಲ. ಅದು ಒಂದರಿಂದ ಮೂರು ದಿನಗಳೊಳಗೆ ಉಲ್ಬಣಿಸಿ ತಾನಾಗಿಯೇ ಇಳಿಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು, ರಜೆ ಮುಗಿಸಿ ಊರಿನಿಂದ ಮರಳಿದವರು ಮೊದಲ ವಾರದಲ್ಲಿ ಮೈಕೈ ನೋವಿನಿಂದ ಏಳುವುದು ಸಾಮಾನ್ಯವಾಗಿ ಈ ಕಾರಣದಿಂದ. ಇದಕ್ಕೆ ಗಾಬರಿಯಾಗಬೇಕಿಲ್ಲ.

ಸಿದ್ಧ ಉಡುಪು ಘಟಕಗಳ ಇಸ್ತ್ರಿ ಮತ್ತು ತಪಾಸಣಾ ವಿಭಾಗಗಳಲ್ಲಿ ಇಡೀ ಪಾಳಿ ನಿಂತೇ ಕೆಲಸ. ನಿಂತು ದುಡಿಯುವವರಿಗೆ ಬಿಡುವಾದಾಗ ಕುಳಿತುಕೊಳ್ಳಲು ಆಸನವಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಪ್ರಕರಣವು ಹೇಳುತ್ತಿತ್ತು. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು 34ನೇ ಪ್ರಕರಣವು ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಸದರಿ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಜಾರಿಗೆ ಬಂದಿದ್ದು, ನಿಂತು ಕೆಲಸ ಮಾಡುವವರಿಗೆ ಆಸನ ವ್ಯವಸ್ಥೆ ಎಂಬ ಅಂಶವು ಅದರಲ್ಲಿಯೂ ಇದೆ. ಆಸನವನ್ನು ಕೇಳುವುದು ದಾಕ್ಷಿಣ್ಯದ ಮಾತಲ್ಲವೆಂಬುದನ್ನು ಗಮನಿಸಬೇಕು.

ಕಿಯೋನಿಕ್ಸ್ 1978ರಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮತ್ತು ವೈಟ್‌ಫೀಲ್ಡ್ ಭಾಗದಲ್ಲಿ ಗಣಕಯಂತ್ರದ ಮುಂದೆ ಕುಳಿತು ದುಡಿಯುವವರ ನೋವು ಬೇರೆ ಬಗೆಯದು. ಅಲ್ಲಿ ಭಾರವಿಲ್ಲ, ಚಲನೆಯೂ ಇಲ್ಲ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿದ್ದಾಗ ಕುತ್ತಿಗೆ ಮತ್ತು ಸೊಂಟದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಮನೆಗೆ ಮರಳಲು ವಾಹನದಟ್ಟಣೆಯಲ್ಲಿ ಮತ್ತೆ ಒಂದೂವರೆ ಗಂಟೆ ಕೂರಬೇಕು. ಮನೆಯಿಂದಲೇ ಕೆಲಸ ಮಾಡುವವರು ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಲಗುವ ಜಾಗವನ್ನೇ ಕಚೇರಿಯಾಗಿಸಿಕೊಂಡಿದ್ದಾರೆ. ದುಬಾರಿ ಕುರ್ಚಿಯನ್ನು ಕೊಳ್ಳುವುದಕ್ಕಿಂತ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು ಮತ್ತು ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸುವುದು ಮೊದಲು ಮಾಡಬೇಕಾದ ಕೆಲಸ. ಇದೇ ಕಟ್ಟಡಗಳಲ್ಲಿ ಹನ್ನೆರಡು ಗಂಟೆ ನಿಲ್ಲುವ ಭದ್ರತಾ ಸಿಬ್ಬಂದಿಯೂ, ಬಗ್ಗಿ ನೆಲ ಒರೆಸುವ ಸ್ವಚ್ಛತಾ ಸಿಬ್ಬಂದಿಯೂ ಇದ್ದಾರೆ. ಐ.ಟಿ. ಉದ್ಯೋಗಿಗಳ ಬೆನ್ನುನೋವಿನ ಬಗ್ಗೆ ಬರೆಯುವವರು ಇವರನ್ನು ಮರೆಯುವುದೇ ಹೆಚ್ಚು.

ಹಾಸಿಗೆ ಮತ್ತು ನಿದ್ರೆ

ಬರಿ ನೆಲದ ಮೇಲೆ ಮಲಗಿದರೆ ಬೆನ್ನು ನೆಟ್ಟಗಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ಪೇನ್ ದೇಶದಲ್ಲಿ ಬೆನ್ನುನೋವಿದ್ದ 313 ಜನರ ಮೇಲೆ ನಡೆಸಿ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿತನದ ಹಾಸಿಗೆಯಲ್ಲಿ ಮಲಗಿದವರಿಗೆ ಹೆಚ್ಚು ಉಪಶಮನ ದೊರೆಯಿತು. ಸಿಮೆಂಟ್ ನೆಲದ ಮೇಲಿನ ಒಂಟಿ ಚಾಪೆಯೂ ಸರಿಯಲ್ಲ, ವಸತಿಗೃಹಗಳಲ್ಲಿ ನಡುವೆ ಕುಸಿದಿರುವ ಹಳೆಯ ಫೋಮ್ ಹಾಸಿಗೆಯೂ ಸರಿಯಲ್ಲ. ಚಾಪೆಯ ಮೇಲೆ ಮಡಿಸಿದ ಎರಡು ಜಮಖಾನ ಅಥವಾ ಕಂಬಳಿ ಹಾಸಿ, ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ, ಅಂಗಾತ ಮಲಗುವವರು ಮೊಣಕಾಲುಗಳ ಕೆಳಗೆ ದಿಂಬು ಇಟ್ಟುಕೊಂಡರೆ ಹೆಚ್ಚಿನ ಖರ್ಚಿಲ್ಲದೆ ಅನುಕೂಲವಾಗುತ್ತದೆ.

ನಿದ್ರೆ ಕಡಿಮೆಯಾದಾಗ ಅದೇ ಪ್ರಮಾಣದ ನೋವು ದೇಹಕ್ಕೆ ಹೆಚ್ಚಾಗಿ ತಿಳಿಯುತ್ತದೆ. ರಾತ್ರಿ ಪಾಳಿಯವರು ಶೀಟಿನ ಮನೆಯ ಸೆಕೆಯಲ್ಲಿ, ರಸ್ತೆಯ ಗದ್ದಲದಲ್ಲಿ ಹಗಲು ಮಲಗಿ ನಾಲ್ಕೈದು ಗಂಟೆಗೆ ಏಳುತ್ತಾರೆ. ಅವರಿಗೆ ಮೈಯೆಲ್ಲ ಜಜ್ಜಿದಂತಾಗುವುದಕ್ಕೆ ಮೊದಲ ಕಾರಣ ಬೆನ್ನಿನಲ್ಲಲ್ಲ, ನಿದ್ರೆಯಲ್ಲಿಯೇ ಇರಬಹುದು. ಒಂದೇ ಕೊಠಡಿಯನ್ನು ಬೇರೆ ಬೇರೆ ಪಾಳಿಯವರು ಹಂಚಿಕೊಂಡಿದ್ದಲ್ಲಿ ಪಾಳಿಗಳನ್ನು ಹೊಂದಿಸಿಕೊಡುವಂತೆ ಮೇಲ್ವಿಚಾರಕರನ್ನು ಕೋರಬಹುದು.

ಕೆಲಸಕ್ಕೆ ಸಂಬಂಧವಿಲ್ಲದ ಕಾರಣಗಳು

ಬೆನ್ನುನೋವನ್ನೆಲ್ಲ ಕೆಲಸದ ಮೇಲೆ ಹಾಕುವುದೂ ತಪ್ಪಾಗುತ್ತದೆ. ಇಲ್ಲಿ ಒಂದು ಸರಳ ಗುರುತು ಉಪಯುಕ್ತ. ಎದ್ದ ಮೇಲೆ ಬಿಗಿತವು ಅರ್ಧ ಗಂಟೆಯೊಳಗೆ ಸಡಿಲಗೊಂಡು, ದುಡಿದಂತೆ ಸಂಜೆಗೆ ಹೆಚ್ಚಾಗಿ, ವಿಶ್ರಾಂತಿಯಿಂದ ತಗ್ಗಿದರೆ ಅದು ಸಾಮಾನ್ಯವಾಗಿ ಭಾರ ಮತ್ತು ಭಂಗಿಯಿಂದ ಬಂದದ್ದು. ಬಿಗಿತವು ಅರ್ಧ ಗಂಟೆಗೂ ಮೀರಿ ಉಳಿದು, ವಿಶ್ರಾಂತಿಯಿಂದ ಹೆಚ್ಚಾಗಿ, ಓಡಾಡಿದರೆ ಕಡಿಮೆಯಾಗಿ, ರಾತ್ರಿಯ ಕೊನೆಯ ಜಾವದಲ್ಲಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಅದು ಬೆನ್ನುಮೂಳೆಯ ಕೀಲುಗಳ ಉರಿಯೂತವಿರಬಹುದು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಈ ಕಾಯಿಲೆಯು ಬಹುತೇಕ ನಲವತ್ತು ವರ್ಷದೊಳಗಿನವರಲ್ಲಿ, ಹಲವರಿಗೆ ಇಪ್ಪತ್ತರ ಹರೆಯದಲ್ಲಿಯೇ ಆರಂಭವಾಗುತ್ತದೆ. ಇಪ್ಪತ್ತೈದು ವರ್ಷದ ಯುವಕನ ಬೆನ್ನುನೋವಿಗೆ ಕುರ್ಚಿಯೇ ಕಾರಣವೆಂದು ಎಲ್ಲರೂ ಹೇಳಿಬಿಡುವುದರಿಂದ ಇದು ಪತ್ತೆಯಾಗಲು ವರ್ಷಗಳೇ ಹಿಡಿಯುತ್ತವೆ. ಮೂರು ತಿಂಗಳು ಮೀರಿ ಇಂತಹ ಬಿಗಿತವಿದ್ದವರು ಮೂಳೆ ಅಥವಾ ಸಂಧಿವಾತ ತಜ್ಞರನ್ನು ಕಾಣಲೇಬೇಕು. ಬೆಳಿಗ್ಗೆ ಕೈಬೆರಳುಗಳ ಗೆಣ್ಣುಗಳು ಊದಿ, ಮುಷ್ಟಿ ಕಟ್ಟಲಾಗದಿದ್ದರೂ ಇದೇ ಕ್ರಮ.

ಜ್ವರದ ನಂತರ ತಿಂಗಳುಗಟ್ಟಲೆ ಉಳಿಯುವ ಬೆಳಗಿನ ಕೀಲುನೋವು ಕರ್ನಾಟಕಕ್ಕೆ ಹೊಸದಲ್ಲ. 2006ರಲ್ಲಿ ರಾಜ್ಯದಲ್ಲಿ ಚಿಕುನ್‌ಗುನ್ಯಾ ಹರಡಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಅನೇಕರು ಜ್ವರ ಇಳಿದ ಮೇಲೂ ಗೋಡೆ ಹಿಡಿದು ಏಳುವ ಸ್ಥಿತಿಯಲ್ಲಿದ್ದುದನ್ನು ಆ ವರ್ಷವನ್ನು ಕಂಡವರು ಮರೆತಿಲ್ಲ. ಥೈರಾಯ್ಡ್ ಕೊರತೆ, ಬಿಸಿಲು ಕಾಣದೆ ಉಂಟಾಗುವ ವಿಟಮಿನ್ ಡಿ ಕೊರತೆ, ರಕ್ತಹೀನತೆ ಇವು ಮೈಕೈ ನೋವಿನ ಇತರ ಕಾರಣಗಳಾಗಿದ್ದು, ಸಾಮಾನ್ಯ ರಕ್ತಪರೀಕ್ಷೆಗಳಿಂದ ತಿಳಿದುಬರುತ್ತವೆ.

ಮೂತ್ರ ಅಥವಾ ಮಲವಿಸರ್ಜನೆಯ ಮೇಲಿನ ಹಿಡಿತ ತಪ್ಪುವುದು, ತೊಡೆಗಳ ಸಂದಿನಲ್ಲಿ ಸ್ಪರ್ಶ ತಿಳಿಯದಿರುವುದು, ಕಾಲಿನಲ್ಲಿ ಬಲ ಕುಂದುತ್ತಿರುವುದು: ಇವುಗಳಲ್ಲಿ ಯಾವುದಾದರೂ ಬೆನ್ನುನೋವಿನೊಂದಿಗೆ ಕಂಡುಬಂದರೆ ಮರುದಿನಕ್ಕೆ ಕಾಯದೆ ಅದೇ ದಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗತಕ್ಕದ್ದು. ಸಂಜೆ ಜ್ವರ, ತೂಕ ಇಳಿಕೆ ಮತ್ತು ಎಡೆಬಿಡದ ನೋವು ಇದ್ದಲ್ಲಿ ಬೆನ್ನುಮೂಳೆಯ ಕ್ಷಯರೋಗದ ಪರೀಕ್ಷೆ ಅವಶ್ಯ.

ಮಾತ್ರೆ ಮತ್ತು ಬೆಲ್ಟ್

ಔಷಧಿ ಅಂಗಡಿಯಲ್ಲಿ ಎರಡು ನೋವಿನ ಮಾತ್ರೆ ಕೇಳಿ ನುಂಗಿ ಪಾಳಿಗೆ ಹೋಗುವುದು ಈ ಪ್ರದೇಶಗಳಲ್ಲಿ ದಿನನಿತ್ಯದ ಸಂಗತಿ. ಡೈಕ್ಲೋಫೆನಾಕ್ ಮುಂತಾದ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ, ವಾರಗಟ್ಟಲೆ, ವೈದ್ಯರ ಸಲಹೆಯಿಲ್ಲದೆ ಸೇವಿಸಿದರೆ ಜಠರದಲ್ಲಿ ಹುಣ್ಣು, ರಕ್ತಸ್ರಾವ ಮತ್ತು ಮೂತ್ರಪಿಂಡಗಳಿಗೆ ಹಾನಿ ಉಂಟಾಗಬಹುದು. ಸೊಂಟದ ಬೆಲ್ಟುಗಳ ವಿಷಯದಲ್ಲಿ, ದೀರ್ಘಕಾಲದ ಬೆನ್ನುನೋವಿಗೆ ಅವುಗಳನ್ನು ವಾಡಿಕೆಯಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಮಾರ್ಗಸೂಚಿಯು ವ್ಯಾಯಾಮ ಮತ್ತು ರೋಗಿಗೆ ನೀಡುವ ತಿಳಿವಳಿಕೆಯನ್ನು ಬೆಂಬಲಿಸುತ್ತದೆ. ದಿನಗಟ್ಟಲೆ ಹಾಸಿಗೆ ಹಿಡಿಯುವುದರಿಂದಲೂ ಬೆನ್ನು ಬಲಗೊಳ್ಳುವುದಿಲ್ಲ. ನೋವು ತಾಳುವಷ್ಟು ಓಡಾಡುವುದೇ ಮೇಲು.

ಮಾತ್ರೆಯಿಂದ ಇನ್ನೊಂದು ನಷ್ಟವೂ ಇದೆ: ಔಷಧಿ ಅಂಗಡಿಯ ಭೇಟಿಗೆ ದಾಖಲೆಯಿಲ್ಲ.

ದಾಖಲೆ ಮತ್ತು ಸೌಲಭ್ಯ

ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ (ಇ.ಎಸ್.ಐ.) 2017ರ ಜನವರಿ 1ರಿಂದ ಮಾಸಿಕ ವೇತನ ಮಿತಿ 21,000 ರೂ. ಎಂದು ನಿಗದಿಯಾಯಿತು. ವಿಮಾದಾರರು ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದಿದ್ದಾಗ ಸರಾಸರಿ ದಿನಗೂಲಿಯ ಶೇ. 70ರಷ್ಟು ಅನಾರೋಗ್ಯ ಸೌಲಭ್ಯವು ವರ್ಷಕ್ಕೆ ಗರಿಷ್ಠ 91 ದಿನ ದೊರೆಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಸಂಬಂಧಿತ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಪಾವತಿಯಾಗಿರಬೇಕು. ಮೊದಲ ಎರಡು ದಿನಗಳನ್ನು ಕಾಯುವ ದಿನಗಳೆಂದು ಪರಿಗಣಿಸಲಾಗುವುದರಿಂದ ಅವುಗಳಿಗೆ ಹಣವಿಲ್ಲ. ಆದರೆ ಹಿಂದಿನ ಕಾಯಿಲೆಯ 15 ದಿನಗಳೊಳಗೆ ಮತ್ತೆ ಕಾಯಿಲೆ ಬಿದ್ದರೆ ಈ ಕಾಯುವಿಕೆ ಅನ್ವಯಿಸುವುದಿಲ್ಲ.

ಕೆಲಸದ ವೇಳೆ ಭಾರ ಎತ್ತುವಾಗ ಅಥವಾ ಜಾರಿದಾಗ ಸೊಂಟಕ್ಕೆ ಪೆಟ್ಟಾದರೆ ಅದು ಕಾಯಿಲೆಯಲ್ಲ, ಉದ್ಯೋಗ ಸಂಬಂಧಿತ ಗಾಯ. ಆಗ ದೊರೆಯುವುದು ಶೇ. 90ರಷ್ಟು ತಾತ್ಕಾಲಿಕ ಅಶಕ್ತತೆಯ ಸೌಲಭ್ಯ. ಇದಕ್ಕೆ 78 ದಿನಗಳ ಷರತ್ತಿಲ್ಲ. ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಅಶಕ್ತತೆ ಇರಬೇಕು ಎಂಬುದಷ್ಟೇ ನಿಬಂಧನೆ. ಉದಾಹರಣೆಗೆ, ಸರಾಸರಿ ದಿನಗೂಲಿ 600 ರೂ. ಇರುವವರು ಹತ್ತು ದಿನ ಮಲಗಿದರೆ ಕಾಯಿಲೆಯ ಲೆಕ್ಕದಲ್ಲಿ ಎಂಟು ದಿನಕ್ಕೆ 420 ರೂ.ನಂತೆ 3,360 ರೂ. ಗಾಯದ ಲೆಕ್ಕದಲ್ಲಿ ಹತ್ತು ದಿನಕ್ಕೆ 540 ರೂ.ನಂತೆ 5,400 ರೂ. ವ್ಯತ್ಯಾಸ 2,040 ರೂ. ಬಾಡಿಗೆ ಕಟ್ಟುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಈ ಮೊತ್ತ ಕೈತಪ್ಪುವ ಬಗೆ ಸಾಮಾನ್ಯವಾಗಿ ಒಂದೇ. ಸಂಜೆ ನಾಲ್ಕು ಗಂಟೆಗೆ ಏನನ್ನೋ ಎತ್ತುವಾಗ ಸೊಂಟದಲ್ಲಿ ಚಳುಕು ಹಿಡಿಯುತ್ತದೆ. ಮೈ ಬಿಸಿಯಿರುವುದರಿಂದ ಪಾಳಿ ಮುಗಿಸುವುದು ಕಷ್ಟವಾಗುವುದಿಲ್ಲ. ಯಾರಿಗೂ ಹೇಳದೆ ಮನೆಗೆ ಹೋಗುತ್ತಾರೆ. ರಾತ್ರಿಯಲ್ಲಿ ಊತ ಬಂದು, ಸ್ನಾಯುಗಳು ಸೆಟೆದು, ಮೇಲೆ ವಿವರಿಸಿದಂತೆ ಬಿಲ್ಲೆಯೂ ನೀರು ತುಂಬಿ, ಬೆಳಿಗ್ಗೆ ಏಳಲಾಗುವುದಿಲ್ಲ. ಗಾಯವಾದದ್ದು ಮನೆಯಲ್ಲಿ ಎಂದು ಕಾರ್ಖಾನೆಯು ಹೇಳುತ್ತದೆ. ಅರ್ಜಿಯಲ್ಲಿಯೂ “ಬೆಳಿಗ್ಗೆ ಏಳಲಾಗಲಿಲ್ಲ” ಎಂದಷ್ಟೇ ಇರುತ್ತದೆ. ಕಡತದಲ್ಲಿ ಅದನ್ನು ಅಲ್ಲಗಳೆಯುವ ಒಂದು ಸಾಲೂ ಇರುವುದಿಲ್ಲ.

ಆದ್ದರಿಂದ ಚಳುಕು ಸಣ್ಣದೆನಿಸಿದರೂ ಅದೇ ದಿನ ಮೇಲ್ವಿಚಾರಕರಿಗೆ ತಿಳಿಸಿ, ಅಪಘಾತ ಪುಸ್ತಕದಲ್ಲಿ ನಮೂದಿಸಲು ಕೋರತಕ್ಕದ್ದು. ಬಾಯಿಮಾತಿನಲ್ಲಿ ತಿಳಿಸಿದರೂ ಸಾಕು, ವಿಮಾದಾರರ ಪರವಾಗಿ ಬೇರೆಯವರೂ ತಿಳಿಸಬಹುದು. ಆದರೂ ಬರವಣಿಗೆಯಲ್ಲಿ ಕೊಟ್ಟು ಪ್ರತಿ ಇಟ್ಟುಕೊಳ್ಳುವುದು ಕ್ಷೇಮ. ಹೇಳುವಾಗ ಹೊತ್ತು, ಎತ್ತಿದ ವಸ್ತು, ಹತ್ತಿರವಿದ್ದವರು ಈ ಮೂರೂ ಇರಲಿ. ಗುತ್ತಿಗೆ ಕಾರ್ಮಿಕರು ಗುತ್ತಿಗೆದಾರರಿಗೂ ಮುಖ್ಯ ಸಂಸ್ಥೆಯ ಮೇಲ್ವಿಚಾರಕರಿಗೂ ತಿಳಿಸಬೇಕು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತವನ್ನೂ, ಕೆಲಸದೊಂದಿಗೆ ಅದರ ಸಂಬಂಧ ಸಿದ್ಧವಾದಲ್ಲಿ, ಉದ್ಯೋಗ ಸಂಬಂಧಿತ ಗಾಯವೆಂದು ಪರಿಗಣಿಸಲು 2010ರ ತಿದ್ದುಪಡಿಯು ಅವಕಾಶ ನೀಡಿತು. ಹೊಸೂರು ರಸ್ತೆಯಲ್ಲಿ ದ್ವಿಚಕ್ರ ವಾಹನದಿಂದ ಬಿದ್ದು ಮರುದಿನ ಏಳಲಾಗದವರು ಇದನ್ನು ಗಮನಿಸಬೇಕು.

ಆದರೆ ನಿಧಾನವಾಗಿ ವರ್ಷಗಳ ಮೇಲೆ ಬೆಳೆದ ಬೆನ್ನುನೋವಿಗೆ ಈ ದಾರಿ ಸುಲಭವಲ್ಲ ಎಂಬುದನ್ನು ಮರೆಮಾಚುವುದು ಸರಿಯಲ್ಲ. ಕಾರ್ಖಾನೆಗಳ ಕಾಯ್ದೆಯು ಪಟ್ಟಿ ಮಾಡಿದ್ದ ಔದ್ಯೋಗಿಕ ರೋಗಗಳಲ್ಲಿ ಸಾಮಾನ್ಯ ಬೆನ್ನುನೋವು ಸೇರಿರಲಿಲ್ಲ. ಅಂತಹವರಿಗೆ ಉಳಿಯುವುದು ಅನಾರೋಗ್ಯ ಸೌಲಭ್ಯ ಮತ್ತು ಚಿಕಿತ್ಸೆ. ಇ.ಎಸ್.ಐ. ವ್ಯಾಪ್ತಿಗೆ ಬಾರದ ಕಚೇರಿ ನೌಕರರಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಅನಾರೋಗ್ಯ ಅಥವಾ ಇತರ ಸಮಂಜಸ ಕಾರಣಕ್ಕಾಗಿ ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆಯಿದೆ.

ಚಿಕಿತ್ಸೆಗೆ ವಿಮಾದಾರರು ಮೊದಲು ತಮಗೆ ಗೊತ್ತುಪಡಿಸಿದ ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗತಕ್ಕದ್ದು. ಅಲ್ಲಿಂದ ಪೀಣ್ಯ ಅಥವಾ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗಳಿಗೆ ಶಿಫಾರಸು ಪಡೆಯಬಹುದು. ಕೆಲಸಕ್ಕೆ ಹೋಗಲಾಗದ ಮೊದಲ ದಿನವೇ ಪ್ರಮಾಣಪತ್ರ ಪಡೆಯಬೇಕು, ಗುಣವಾದ ಮೇಲೆ ಹಿಂದಿನ ದಿನಾಂಕಕ್ಕೆ ಕೇಳುವುದರಿಂದ ತೊಂದರೆಯಾಗುತ್ತದೆ. ವೈದ್ಯರು ಯಾವಾಗಿನಿಂದ ನೋವು ಎಂದು ಕೇಳಿದಾಗ ಬೆಳಗಿನ ಮಾತಿನಿಂದ ಆರಂಭಿಸದೆ, ಹಿಂದಿನ ದಿನ ಮಾಡಿದ ಕೆಲಸದಿಂದ ಆರಂಭಿಸಿ ಹೇಳಬೇಕು. ಅವರು ಬರೆಯುವ ಆ ಒಂದು ಸಾಲೇ ಮುಂದೆ ಶಾಖಾ ಕಚೇರಿಯ ಮೇಜಿಗೆ ಬರುತ್ತದೆ. ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಅರ್ಹತೆಯ ವಿವರಗಳನ್ನು ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಶಾಖಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಬರುವಾಗ ವಿಮಾ ಗುರುತಿನ ಚೀಟಿ, ಆಧಾರ್ ಹಾಗೂ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳನ್ನು, ಅಪಘಾತದ ಪ್ರಕರಣವಾದಲ್ಲಿ ಮೇಲ್ವಿಚಾರಕರಿಗೆ ಕೊಟ್ಟ ಪತ್ರದ ಪ್ರತಿಯನ್ನೂ ತರತಕ್ಕದ್ದು.